ಎರಡು ದೊರೆಗಳಿಗೆ ಒಂದೇ ಗಂಟಲು

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವರನ್ನು ನೀವು ಕಣ್ಣಾರೆ ನೋಡಿಲ್ಲವಾದರೆ ಕಂಠಣ್ಣನನ್ನು ನೋಡಬಹುದು. ಅವನ ಕೆಲಸ ಡಬ್ಬಿಂಗ್. ಹೊರಗಿನಿಂದ ಬರುವ ಕಾರ್ಟೂನುಗಳಿಗೆ ನಮ್ಮ ಮಾತು ತುಂಬುವುದು. ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇತ್ತು. ಅದನ್ನು ಸ್ಟುಡಿಯೋದವರು ಮರೆತರು, ಬೀದಿಯವರು ಮರೆತರು, ಕೊನೆಗೆ ಹೆಂಡತಿಗೂ ಸಿಟ್ಟು ಬಂದಾಗ ಮಾತ್ರ ನೆನಪಾಗುತ್ತಿತ್ತು. ಮೈಯಲ್ಲಿ ಹಿಡಿ ಮಾಂಸವಿಲ್ಲ, ಗಂಟಲಲ್ಲಿ ಮಾತ್ರ ನಾಲ್ಕು ಜನ ಸಂಸಾರ ಹೂಡುವಷ್ಟು ಜಾಗ.

‘ಮಿಂಚುಗರಿ’ ಎಂಬ ಸರಣಿ ಬಂತು. ನೀಲಿ ರೆಕ್ಕೆಯ ಹುಡುಗಿಯೊಬ್ಬಳು ಹಾರಿ ಹಾರಿ ಊರು ಕಾಯುವ ಕಥೆ. ಅವಳಿಗಿಂತ ಹೆಚ್ಚು ಹೊತ್ತು ತೆರೆಯ ಮೇಲೆ ಇರುತ್ತಿದ್ದವರು ಇಬ್ಬರು ಪಾತಕಿಗಳು. ಒಬ್ಬ ಮೊಸಳೆ ದೊರೆ, ಮೊಸಳೆ ಚರ್ಮದ ಕೋಟು ತೊಟ್ಟವನು. ಇನ್ನೊಬ್ಬ ಬೆಳ್ಳಿಹಲ್ಲು, ನಕ್ಕರೆ ಎದುರಿನವರ ಕಣ್ಣು ಕುಕ್ಕುವವನು. ಇಬ್ಬರಿಗೂ ಒಂದೇ ಊರು ಬೇಕು, ಜಗಳಕ್ಕೆ ಇನ್ನೇನು ಕಾರಣ ಬೇಕು? ಸ್ಟುಡಿಯೋ ಯಜಮಾನ ಕೈಬಿಗಿಯ ಮನುಷ್ಯ. “ಇಬ್ಬರೂ ಒಂದೇ ಸಲ ಬಾಯಿ ಬಿಡ್ತಾರಾ? ಇಲ್ಲ ತಾನೆ? ಮತ್ತೆ ಇಬ್ಬರು ಯಾಕೆ, ಕಂಠಣ್ಣ ಒಬ್ಬನೇ ಸಾಕು” ಎಂದುಬಿಟ್ಟ.

ಮೊದಲ ದಿನ ಕಂಠಣ್ಣ ಇಬ್ಬರಿಗೂ ಕಾರ್ಟೂನಿನ ಮಾಮೂಲಿ ದಪ್ಪ ಧ್ವನಿ ಹಾಕಿದ. ಗಾಜಿನ ಆಚೆ ಕೂತಿದ್ದ ನಿರ್ದೇಶಕಿ ಮೇಡಂ ಆಕಳಿಸಿದರು. “ಸಪ್ಪೆ ಕಂಠಣ್ಣ. ಉಪ್ಪಿಲ್ಲ, ಖಾರ ಇಲ್ಲ. ನಿಜವಾಗ್ಲೂ ಹೆದರಿಸೋರನ್ನ ನೀವು ಯಾವತ್ತೂ ನೋಡಿಲ್ವಾ?”

ನೋಡದೆ ಏನು. ಅವನ ಬೀದಿಯ ಒಂದು ತುದಿಗೆ ಲಾರಿ ಅಡ್ಡೆ, ಇನ್ನೊಂದು ತುದಿಗೆ ತರಕಾರಿ ಮಂಡಿ. ಅಡ್ಡೆ ದೊಡ್ಡಪ್ಪನದು, ಮಂಡಿ ಮಾವನದು. ಅವರು ಬೀದಿಯಲ್ಲಿ ಯಾರಿಗೂ ದೊಡ್ಡಪ್ಪನೂ ಅಲ್ಲ, ಮಾವನೂ ಅಲ್ಲ. ಬೇರೆ ಹೇಗೆ ಕರೆದರೂ ಮೈಗೆ ಒಳ್ಳೆಯದಲ್ಲ ಎಂದು ಜನ ಕಂಡುಕೊಂಡಿದ್ದರು. ದೊಡ್ಡಪ್ಪ ನಿಧಾನಸ್ಥ. “ನೋಡು ಕಂದಾ, ನಾನು ಕೋಪ ಮಾಡ್ಕೊಳ್ಳಲ್ಲ. ಕೋಪ ಮಾಡ್ಕೊಳ್ಳೋಕೆ ಜನ ಇಟ್ಟಿದೀನಿ” ಎನ್ನುತ್ತಿದ್ದ. ಮಾವ ಮೊದಲು ಒಂದು ನಗೆ ನಕ್ಕು, “ಊಟ ಆಯ್ತಾ? ಆಗಿಲ್ದಿದ್ರೆ ಮಾಡ್ಕೊಂಡು ಬಾ. ಹಸಿದವರ ಮೇಲೆ ನಮ್ಮೋರು ಕೈ ಮಾಡಲ್ಲ” ಎನ್ನುತ್ತಿದ್ದ. ಕಂಠಣ್ಣ ದೊಡ್ಡಪ್ಪನನ್ನು ಹಾಗೇ ಎತ್ತಿ ಮೊಸಳೆ ದೊರೆಯ ಬಾಯಿಗೆ ಹಾಕಿದ, ಮಾವನನ್ನು ಬೆಳ್ಳಿಹಲ್ಲಿನ ಬಾಯಿಗೆ. ಗಾಜಿನ ಆಚೆ ಮೇಡಂ ಕುರ್ಚಿ ಬಿಟ್ಟು ಎದ್ದು ನಿಂತರು.

ಅಲ್ಲಿಂದಾಚೆಗೆ ಕೇಳಬೇಡಿ. ಶಾಲೆಯ ಅಂಗಳದಲ್ಲಿ ಮಕ್ಕಳು “ಊಟ ಆಯ್ತಾ?” ಎಂದು ಕೇಳಿಯೇ ಗುದ್ದಾಡುತ್ತಿದ್ದವು. ಕಂಠಣ್ಣ ಎದೆಯುಬ್ಬಿಸಿ ಓಡಾಡಿದ. ಹೆಂಡತಿ ಮಾತ್ರ, “ಇವತ್ತಲ್ಲ ನಾಳೆ ಅವರ ಕಿವಿಗೆ ಬೀಳುತ್ತೆ. ಆಗ ನಿಮ್ಮ ಗಂಟಲು ಯಾರು ಕಾಯ್ತಾರೆ?” ಎಂದು ಕೇಳಿದಳು.

“ನಾನಿಲ್ವಾ ಅಕ್ಕ” ಎಂದು ನಕ್ಕವನು ಅವಳ ತಮ್ಮ. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕನೇ. ಮದುವೆಯಾಗಿ ಬಂದ ದಿನ ಒಂದು ಕೈಯಲ್ಲಿ ಬಟ್ಟೆಯ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ತಮ್ಮನನ್ನು ಹಿಡಿದುಕೊಂಡೇ ಹೊಸಿಲು ದಾಟಿದ್ದಳು. ಈಗ ಅವನು ಮಾವನ ಮಂಡಿಯಲ್ಲಿ ತೂಕದ ಕೆಲಸಕ್ಕಿದ್ದ. ಗಟ್ಟಿ ರಟ್ಟೆ, ಹಗುರ ಬಾಯಿ. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವೇ ಇಲ್ಲ. ಆದರೂ ಕಂಠಣ್ಣನಿಗೆ ಭಾಮೈದನೆಂದರೆ ಜೀವ. ಮಕ್ಕಳಿಲ್ಲದ ಮನೆಯಲ್ಲಿ ಗದ್ದಲ ಮಾಡಲು ಇದ್ದವನು ಅವನೊಬ್ಬನೇ.

ಹೆಂಡತಿ ಹೇಳಿದ ಹಾಗೇ ಆಯಿತು. ಒಂದು ಬೆಳಿಗ್ಗೆ ಅಡ್ಡೆಯ ಡ್ರೈವರ್ ಬಾಗಿಲಿಗೆ ಬಂದು, “ದೊಡ್ಡಪ್ಪ ಕರೀತಾರೆ” ಎಂದ. ಅಷ್ಟೇ ಮಾತು. ಕಂಠಣ್ಣನ ಮುಖಕ್ಷೌರ ಅರ್ಧ ಆಗಿತ್ತು, ಉಳಿದರ್ಧ ಬಿಟ್ಟು ಹಾಗೇ ಹೊರಟ.

ಅಡ್ಡೆಯ ಕಚೇರಿ ಮಹಡಿಯ ಮೇಲೆ. ಕಬ್ಬಿಣದ ಮೆಟ್ಟಿಲು, ಕಬ್ಬಿಣದ ಬಾಗಿಲು. ಒಳಗೆ ಒಂದು ಮೇಜು, ಅದರ ಮೇಲೆ ಹಳೆಯ ಕಾಲದ ತಂತಿ ಫೋನು, ಲಾರಿಗಳು ಕಾಣುವ ಒಂದು ಕಿಟಕಿ. ದೊಡ್ಡಪ್ಪ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದ. ಏನೂ ಮಾತಾಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗಳೇ ಮಾತು ತೆಗೆದಳು. ಗಂಡನ ಮನೆ ಬಿಟ್ಟು ಬಂದು ತಂದೆಯ ವ್ಯವಹಾರ ನೋಡಿಕೊಳ್ಳುವ ಹೆಂಗಸು, ಮಾತು ನೇರ.

“ಹೆದರ್ಬೇಡಿ. ಬೈಯೋಕೆ ಕರೆಸಿಲ್ಲ. ಬೈಬೇಕು ಅಂದ್ರೂ ಅಪ್ಪನ ಕೈಲಿ ಆಗಲ್ಲ” ಎಂದಳು. “ಗಂಟಲಲ್ಲಿ ಗಡ್ಡೆ ಆಗಿತ್ತು. ದೂರದ ಆಸ್ಪತ್ರೆಲಿ ಕೊಯ್ದು ತೆಗೆದ್ರು. ಧ್ವನಿನೂ ಅದರ ಜೊತೆ ಹೋಯ್ತು. ನಂಗೆ, ಡ್ರೈವರ್‌ಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಕೀಲುನೋವು, ಮೆಟ್ಟಿಲು ಇಳಿಯಲ್ಲ ಅಂತ ಹೇಳಿಕೊಂಡು ಬಂದಿದೀವಿ.”

ಕಂಠಣ್ಣ ದೊಡ್ಡಪ್ಪನ ಮಫ್ಲರ್ ನೋಡಿದ.

“ಮೊನ್ನೆ ಅಡುಗೆಮನೆಯಲ್ಲಿದ್ದೆ” ಎಂದಳು ಅವಳು. “ನಡುಮನೆಯಿಂದ ಅಪ್ಪ ‘ನೋಡು ಕಂದಾ’ ಅಂದ್ರು. ಕೈಲಿದ್ದ ಪಾತ್ರೆ ಬಿಸಾಕಿ ಓಡಿ ಬಂದೆ. ನೋಡಿದ್ರೆ ಟೀವಿಲಿ ಮೊಸಳೆ ಮಾತಾಡ್ತಿದೆ, ಅಪ್ಪ ಅದರ ಮುಂದೆ ಕೂತು ಕಣ್ಣೀರು ಹಾಕ್ತಿದಾರೆ.” ಆಮೇಲೆ ಫೋನನ್ನು ಕಂಠಣ್ಣನ ಕಡೆಗೆ ತಳ್ಳಿದಳು. “ಅಪ್ಪನ ತುಟಿ ಆಡುತ್ತೆ, ಸದ್ದು ಬರಲ್ಲ. ಉಳಿದದ್ದು ನಿಮ್ಮ ಕೆಲಸ. ದಿನಾ ಬೆಳಿಗ್ಗೆ ಬರ್ಬೇಕು. ಮಾವನಿಗೆ ಅಪ್ಪನ ಧ್ವನಿ ಹೋಗಿರೋದು ಗೊತ್ತಾದ್ರೆ, ವಾರ ಕಳೆಯೋದ್ರಲ್ಲಿ ಈ ಅಡ್ಡೆ ಅವನದು.”

“ನಂಗೆ ಆಗಲ್ಲ ತಾಯಿ ಅಂದ್ರೆ?”

“ಈಗ ನಿಮಗೂ ಗೊತ್ತಾಗಿಬಿಡ್ತಲ್ಲ” ಎಂದಳು. ಬೆದರಿಸುವ ದನಿಯಲ್ಲಲ್ಲ, ಅಯ್ಯೋ ಪಾಪ ಎನ್ನುವ ದನಿಯಲ್ಲಿ. ಕಂಠಣ್ಣ ಒಪ್ಪಿಕೊಂಡದ್ದು ಅದಕ್ಕೇ.

ಹೀಗೆ ಶುರುವಾಯಿತು. ಬೆಳಗಿನ ಹೊತ್ತು ಅಡ್ಡೆಯ ಮಹಡಿ, ಮಧ್ಯಾಹ್ನ ಸ್ಟುಡಿಯೋ. ದೊಡ್ಡಪ್ಪ ಎದುರಿಗೆ ಕೂತು ತುಟಿ ಆಡಿಸುವನು, ಕಂಠಣ್ಣ ಫೋನಿನಲ್ಲಿ ಮಾತಾಡುವನು. ಅವನಿಗೆ ಇದು ಹೊಸದೇನಲ್ಲ. ಡಬ್ಬಿಂಗ್ ಕೋಣೆಯಲ್ಲಿ ಮೇಡಂ ಕಲಿಸಿದ್ದ ಮೊದಲ ಪಾಠವೇ ಅದು: “ಅರ್ಥ ಆಮೇಲೆ ಮಾಡ್ಕೊಳ್ಳಿ, ಮೊದಲು ತುಟಿ ಹಿಡೀರಿ.” ತುಟಿ ಅಲುಗಿದಾಗ ಗಂಟಲು ಅಲುಗಬೇಕು. ನಡುವೆ ತಲೆ ಬಂದು ಕೂತರೆ ಮಾತು ಹಿಂದೆ ಬೀಳುತ್ತದೆ. ಎಷ್ಟೋ ಸಲ ಒಂದು ಇಡೀ ಸೀನ್ ಮುಗಿಸಿ ಹೊರಗೆ ಬಂದ ಮೇಲೆ, ‘ಏನಂದ ಅವನು?’ ಎಂದು ಕಂಠಣ್ಣನೇ ಬೇರೆಯವರನ್ನು ಕೇಳಿದ್ದುಂಟು.

ಮೊದಮೊದಲು ಸಣ್ಣಪುಟ್ಟ ಮಾತು. ಇವನ ಲಾರಿ ಅಲ್ಲಿಗೆ ಹೋಗಲಿ, ಅವನಿಗೆ ರಜ ಕೊಡಬೇಡ. ಆಚೆ ಬದಿಯಲ್ಲಿ ಒರಟು ಗಂಡಸರು “ಹ್ಞೂಂ ದೊಡ್ಡಪ್ಪ, ಆಗಲಿ ದೊಡ್ಡಪ್ಪ” ಎಂದು ನಡುಗುವುದು ಕೇಳಿದಾಗ ಕಂಠಣ್ಣನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಬೇಕು. ಜನ್ಮದಲ್ಲಿ ಅವನ ಮಾತಿಗೆ ಬೆಕ್ಕೂ ಎದ್ದು ಹೋಗಿರಲಿಲ್ಲ. ಆದರೆ ಮೆಟ್ಟಿಲು ಇಳಿಯುವಾಗ ಆ ಖುಷಿ ಇಳಿದುಹೋಗಿ ಭಯ ಮಾತ್ರ ಉಳಿಯುತ್ತಿತ್ತು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೆಂಡತಿಗೆ “ಬೇರೆ ಕಡೆ ಒಂದು ರೆಕಾರ್ಡಿಂಗ್ ಸಿಕ್ಕಿದೆ” ಎಂದ. ಅವಳು ನಂಬಿದಳು.

ಡಬ್ಬಿಂಗ್‌ನವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಆಡಿದ ಮಾತನ್ನು ಬಾಯಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಸ್ನಾನದ ಮನೆಯಲ್ಲಿ ನೀರು ಸುರಿದುಕೊಳ್ಳುತ್ತ ಕಂಠಣ್ಣ ಅವತ್ತವತ್ತಿನ ಮಾತುಗಳನ್ನು ಮತ್ತೆ ಆಡಿ ನೋಡುತ್ತಿದ್ದ. ಇಳಿಸಿದ್ದು ಸರಿಯಾಯಿತೇ, ಎಳೆದದ್ದು ಹೆಚ್ಚಾಯಿತೇ ಎಂದು. ಹಾಗೆ ಒಂದು ಸಂಜೆ, “ನೋಡು ಕಂದಾ, ನಾಳೆ ನಮ್ಮ ಗಾಡಿ ಹೆದ್ದಾರಿಗೆ ಹೋಗಲ್ಲ. ಕೆರೆ ರಸ್ತೆಲಿ ಹೋಗುತ್ತೆ” ಎಂದು ನಾಲ್ಕು ಸಲ ನಾಲ್ಕು ಥರ ಹೇಳಿ ನೋಡಿದ. ಹೊರಗೆ ಟವೆಲ್ ಹೆಗಲಿಗೆ ಹಾಕಿಕೊಂಡು ತನ್ನ ಸರದಿಗೆ ಕಾಯುತ್ತಿದ್ದ ಭಾಮೈದ ಕೇಳಿಸಿಕೊಂಡ. ಮಾರನೆಯ ದಿನ ಮಂಡಿಯಲ್ಲಿ, “ಮುಂದಿನ ವಾರ ಮೊಸಳೆ ಏನ್ ಮಾಡ್ತಾನೆ ಗೊತ್ತಾ? ಕೆರೆ ರಸ್ತೆಲಿ ಗಾಡಿ ಕಳಿಸ್ತಾನೆ” ಎಂದು ಕೂತವರಿಗೆಲ್ಲ ಹೇಳಿ ನಗಿಸಿದ. ಕಾರ್ಟೂನಿನ ಗುಟ್ಟು ಮೊದಲೇ ಗೊತ್ತಿರುವುದು ಅವನಿಗೆ ದೊಡ್ಡಸ್ತಿಕೆ. ಆದರೆ ಕೂತವರಲ್ಲಿ ಯಾರೋ ಒಬ್ಬ ಅನುಮಾನಪಟ್ಟು ಕೆರೆ ರಸ್ತೆಗೆ ಮಾವನ ಜನರನ್ನು ಕಳಿಸಿದ. ಅದೇ ಸಂಜೆ ಅಲ್ಲಿ ದೊಡ್ಡಪ್ಪನ ಎರಡು ಲಾರಿಗಳು ಗಾಜು ಪುಡಿಯಾಗಿ, ಟೈರು ಹರಿದು ನಿಂತಿದ್ದವು.

ಮರುದಿನ ಬೆಳಿಗ್ಗೆ ಕಂಠಣ್ಣ ಮಹಡಿ ಹತ್ತಿದಾಗ ಕೋಣೆಯಲ್ಲಿ ಯಾರೂ ನಗಲಿಲ್ಲ. ಡ್ರೈವರ್ ತಂದೆ ಮಗಳಿಬ್ಬರಿಗೂ ಏನೋ ಹೇಳಿ ಮುಗಿಸಿ ಹೊರಗೆ ಹೋದ. ಮಗಳು ಯಾವುದೋ ನಂಬರ್ ತಿರುಗಿಸಿ ಫೋನನ್ನು ಅವನ ಕೈಗೆ ಕೊಟ್ಟಳು. ದೊಡ್ಡಪ್ಪನ ತುಟಿ ಅಲುಗಿತು. ಕಂಠಣ್ಣನ ಗಂಟಲು ಅಲುಗಿತು.

“ನೋಡು ಕಂದಾ, ಮಾವನ ಮಂಡಿಲಿ ತೂಕ ಮಾಡೋ ಹುಡುಗ ಇದಾನಲ್ಲ, ಕೆರೆ ರಸ್ತೆ ಮಾತು ಅವನ ಬಾಯಿಂದ ಹೋಗಿದೆ. ಇವತ್ತು ಸಂಜೆ ಗೇಟಿಂದ ಹೊರಗೆ ಬರ್ತಾ ಇದ್ದ ಹಾಗೇ ಅವನ ಬಲಗೈ ಮುರೀರಿ. ಇನ್ನು ಜನ್ಮದಲ್ಲಿ ತೂಕದ ಕಲ್ಲು ಎತ್ತಬಾರದು.”

“ಆಗಲಿ ದೊಡ್ಡಪ್ಪ” ಎಂದಿತು ಆಚೆಯ ಧ್ವನಿ. ಫೋನು ಇಟ್ಟ ಸದ್ದು ಬಂತು. ಆಗ ಕಂಠಣ್ಣನಿಗೆ ತಾನು ಹೇಳಿದ್ದು ಅರ್ಥವಾಯಿತು.

“ಅಮ್ಮಾ, ಅವನು ನನ್ನ ಭಾಮೈದ” ಎಂದ. ಅವನದೇ ಸಣ್ಣ ಧ್ವನಿ, ಆ ಕೋಣೆಯಲ್ಲಿ ಅದು ಹೊರಟದ್ದೇ ಅಪರೂಪ. “ನನ್ನ ಹೆಂಡತಿಯ ತಮ್ಮ. ಮಗುವಿನ ಹಾಗೆ ಸಾಕಿದ್ದೀವಿ. ಅವನಿಗೆ ಏನೂ ಗೊತ್ತಿಲ್ಲ, ಬೇಡ ಅಂತ ಹೇಳಿಸಿ.”

ಮಗಳು ತಂದೆಯನ್ನು ನೋಡಿದಳು. ದೊಡ್ಡಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

“ಮೊದಲೇ ಗೊತ್ತಿದ್ರೆ ನೋಡಬಹುದಿತ್ತು” ಎಂದಳು ಅವಳು ನಿಧಾನವಾಗಿ. “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅಪ್ಪ ಕೊಟ್ಟ ಮಾತು ವಾಪಸ್ ತಗೊಂಡಿದ್ದನ್ನ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಇವತ್ತು ತಗೊಂಡ್ರೆ, ಇದು ಅಪ್ಪನ ಧ್ವನಿ ಅಲ್ಲ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತೆ.”

‘ತಪ್ಪು ಅವನದಲ್ಲ, ನನ್ನದು. ಸ್ನಾನದ ಮನೆಯಲ್ಲಿ ಬಡಬಡಿಸಿದವನು ನಾನು.’ ಇಷ್ಟು ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂತು. ಕಂಡಕಂಡವರ ಮಾತಿಗೆಲ್ಲ ತೆರೆದುಕೊಳ್ಳುವ ಆ ಗಂಟಲು ಈ ಒಂದು ಮಾತಿಗೆ ತೆರೆಯಲಿಲ್ಲ. ತನ್ನ ಕೈ, ತನ್ನ ಕತ್ತು, ತನ್ನ ಜೀವ ಎಂದು ಹೆದರಿಕೊಂಡು ಅವನು ಬಾಯಿ ಮುಚ್ಚಿಕೊಂಡೇ ಮೆಟ್ಟಿಲಿಳಿದ. ಬೀದಿಗೆ ಬಂದ ಮೇಲೆ ತನ್ನನ್ನು ತಾನೇ ಬೈದುಕೊಂಡ, ಅದೂ ಮನಸ್ಸಿನಲ್ಲೇ.

ಸಂಜೆಯವರೆಗೆ ಹೊತ್ತಿತ್ತು. ಮೂಲೆಯ ಅಂಗಡಿಯ ಪಕ್ಕ ನಿಂತು ಭಾಮೈದನಿಗೆ ಫೋನ್ ಮಾಡಿದ.

“ಇವತ್ತು ಸಂಜೆ ಗೇಟಿನ ಕಡೆಯಿಂದ ಬರ್ಬೇಡ ಕಣೋ. ಹಿಂದಿನ ಗೋಡೆ ಹಾರಿ ಎಲ್ಲಾದ್ರೂ ಹೋಗಿಬಿಡು. ಮನೆಗೂ ಬರ್ಬೇಡ.”

ಆಚೆ ಕಡೆ ನಗು. “ಭಾವ, ಇದು ಯಾರ ಧ್ವನಿ? ಹೊಸ ಪಾತ್ರನಾ? ಹೆದರಿಕೊಂಡಿರೋನು ಚೆನ್ನಾಗಿದಾನೆ.”

“ಪಾತ್ರ ಅಲ್ವೋ, ನಾನು ಹೇಳ್ತಿರೋದು. ದೊಡ್ಡಪ್ಪನ ಜನ ಬರ್ತಾರೆ, ನಿನ್ನ ಕೈ ಮುರೀತಾರೆ.”

“ಬರ್ಲಿ ಬಿಡಿ ಭಾವ, ಊಟ ಆಯ್ತಾ ಅಂತ ಕೇಳ್ತೀನಿ” ಎಂದು ಭಾಮೈದ ಇನ್ನೂ ಜೋರಾಗಿ ನಕ್ಕ. ಮೂಟೆ ಬಂತು ಎಂದು ಯಾರೋ ಕೂಗಿದರು, ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಅದೇ ಮಧ್ಯಾಹ್ನ ಸ್ಟುಡಿಯೋದಲ್ಲಿ ‘ಮಿಂಚುಗರಿ’ಯ ದೊಡ್ಡ ಕಂತು. ಇಡೀ ಸರಣಿ ಕಾದಿದ್ದ ಕಾಳಗ. ಮೊಸಳೆ ದೊರೆಯೂ ಬೆಳ್ಳಿಹಲ್ಲೂ ಒಂದೇ ಗೋದಾಮಿಗೆ ನುಗ್ಗುತ್ತಾರೆ. ಮಿಂಚುಗರಿ ಮೇಲಿನಿಂದ ಹಾರಿ ಬಂದು ಇಬ್ಬರನ್ನೂ ಹಿಡಿಯುತ್ತಾಳೆ ಎಂದು ನೀವು ಎಣಿಸಿದರೆ, ಇಲ್ಲ. ಅವಳು ಹೊರಗಿನಿಂದ ಚಿಲಕ ಹಾಕಿ, ಮೇಲೆ ಕೂತು ಕಾಲಾಡಿಸುತ್ತಾಳೆ. ಒಳಗೆ ಇಬ್ಬರೂ ಕಚ್ಚಾಡಲಿ ಎಂದು. ಗೋದಾಮಿನ ತಗಡು ಒಳಗಿನಿಂದ ಉಬ್ಬುತ್ತದೆ, ಕಂಬಗಳು ಮುರಿಯುತ್ತವೆ.

ಡಬ್ಬಿಂಗ್ ಕೋಣೆ ನಿಂತ ಕಡೆಯಲ್ಲೇ ತಿರುಗುವಷ್ಟು ಮಾತ್ರ. ಗೋಡೆಗೆಲ್ಲ ಮೆತ್ತೆ, ಬಾಗಿಲಿಗೂ ಮೆತ್ತೆ. ಮೊದಲು ಮೊಸಳೆಯ ಮಾತುಗಳೆಲ್ಲ ಒಂದೇ ಸಲ, ಆಮೇಲೆ ಬೆಳ್ಳಿಹಲ್ಲಿನವು. ಎರಡನ್ನೂ ಕೂಡಿಸಿ ಜಗಳ ಮಾಡುವುದು ಮೇಡಂ ಕೆಲಸ. ಕಂಠಣ್ಣ ಮೊಸಳೆಯ ಪಾಲನ್ನು ಹೇಗೋ ಮುಗಿಸಿದ. ‘ಚಿಲಕ ತೆಗೀರೋ, ಯಾರಿದೀರಿ ಹೊರಗೆ’ ಎಂಬ ಮಾತಿಗೆ ಅವನ ಧ್ವನಿ ನಿಜವಾಗಿಯೇ ನಡುಗಿತು.

“ಅದ್ಭುತ ಕಂಠಣ್ಣ” ಎಂದರು ಮೇಡಂ. “ನಿಜವಾಗ್ಲೂ ಸಿಕ್ಕಿಹಾಕಿಕೊಂಡ ಹಾಗೇ ಇತ್ತು. ಒಂದು ಕಾಫಿ ಕುಡಿದು ಬರ್ತೀನಿ. ಅಷ್ಟರೊಳಗೆ ಬೆಳ್ಳಿಹಲ್ಲಿಗೆ ಗಂಟಲು ಸರಿಮಾಡ್ಕೊಳ್ಳಿ.”

ಗಂಟಲು ಸರಿಮಾಡಿಕೊಳ್ಳಲು ಕಂಠಣ್ಣ ಮಾವನ ನಗೆ ಒಂದು ನಕ್ಕ. ನಗೆ ಬಾಯಿಂದ ಹೊರಗೆ ಬಂದದ್ದೇ ತಡ, ಅವನಿಗೆ ಹೊಳೆಯಿತು. ದೊಡ್ಡಪ್ಪನ ಧ್ವನಿ ಹಾಕಿದ ಗಂಟನ್ನು ದೊಡ್ಡಪ್ಪನ ಧ್ವನಿ ಬಿಚ್ಚಲಾರದು. ತನ್ನ ಧ್ವನಿಗಂತೂ ಬೆಲೆಯಿಲ್ಲ. ಇನ್ನೊಂದು ಧ್ವನಿ ಇದೆಯಲ್ಲ. ಮಂಡಿಯಲ್ಲಿ ಮಾವನ ಮಾತೆಂದರೆ ಮಾತು. ಗುಡ್ಡದಾಚೆ ಮಾವನದೊಂದು ಉಗ್ರಾಣವಿದೆಯೆಂದು ಭಾಮೈದ ಹೇಳಿದ್ದೂ ನೆನಪಾಯಿತು.

ಕಿಸೆಯಿಂದ ಫೋನ್ ತೆಗೆದು ಮಂಡಿಯ ಕಚೇರಿಗೆ ಮಾಡಿದ. ಅಲ್ಲಿಯೂ ತಂತಿ ಫೋನೇ. ಯಾರು ಎಲ್ಲಿಂದ ಮಾಡಿದರೆಂದು ತೋರಿಸುವ ಜಾತಿಯದಲ್ಲ. ಆ ಹೊತ್ತಿಗೆ ಮಾವ ಮನೆಗೆ ಹೋಗಿರುತ್ತಾನೆಂದು ಬೀದಿಗೆಲ್ಲ ಗೊತ್ತಿತ್ತು. ಗುಮಾಸ್ತ ಎತ್ತಿದ. ಕಂಠಣ್ಣ ನಕ್ಕ.

“ಊಟ ಆಯ್ತಾ?”

“ಆಯ್ತು ಮಾವ, ಆಯ್ತು” ಎಂದ ಗುಮಾಸ್ತ. ಎದ್ದು ನಿಂತ ಸದ್ದೂ ಕೇಳಿಸಿತು.

“ತೂಕದ ಹುಡುಗನನ್ನ ಈಗಿಂದೀಗ್ಲೇ ಗಾಡಿ ಹತ್ಸು. ಗುಡ್ಡದಾಚೆ ನಮ್ಮ ಉಗ್ರಾಣಕ್ಕೆ ಹೋಗ್ಲಿ. ಅಲ್ಲೇ ಇರ್ಲಿ. ನಾನು ವಾಪಸ್ ಕರೆಸೋವರೆಗೂ ಯಾರೇ ಹೇಳಿದ್ರೂ ಬಿಡಬಾರದು ಅಂತ ಅಲ್ಲಿಯವರಿಗೆ ಹೇಳು. ಹಿಂದಿನ ಬಾಗಿಲಿಂದ ಕಳ್ಸು.”

“ಆಗಲಿ ಮಾವ.”

ಫೋನು ಇಟ್ಟು ಕಂಠಣ್ಣ ಮೆತ್ತೆಯ ಗೋಡೆಗೆ ಒರಗಿ ನಿಂತ. ಕಿವಿಯ ಮೇಲಿನ ಹೆಡ್‌ಫೋನಿನಲ್ಲಿ, ಕಾಫಿ ಮುಗಿಸಿ ಬಂದಿದ್ದ ಮೇಡಂ ಧ್ವನಿ ಬಂತು: “ಮೈಕ್ ಆನ್ ಇತ್ತು ಕಂಠಣ್ಣ. ಈ ಉಗ್ರಾಣದ ಮಾತು ಸ್ಕ್ರಿಪ್ಟಲ್ಲಿ ಇಲ್ವಲ್ಲ? ಚೆನ್ನಾಗಿದೆ, ಎಲ್ಲಾದ್ರೂ ಸೇರಿಸ್ಲಾ?”

“ಬೇಡ ಮೇಡಂ” ಎಂದ ಅವನು. “ಸುಮ್ನೆ ಗಂಟಲು ನೋಡ್ಕೊಳ್ತಿದ್ದೆ.”

ಬೆಳ್ಳಿಹಲ್ಲಿನ ಪಾಲನ್ನು ಅವನು ಹಾಡಿದ ಹಾಗೆ ಮುಗಿಸಿದ. ಕಾಳಗದ ಕೊನೆಗೆ ಇಬ್ಬರು ದೊರೆಗಳೂ ಸುಸ್ತಾಗಿ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂತು ಏದುಸಿರು ಬಿಡುತ್ತಾರೆ. ಆ ಏದುಸಿರನ್ನೂ ಕಂಠಣ್ಣನೇ ಬಿಟ್ಟ, ಇಬ್ಬರದೂ.

ಸಂಜೆ ಮ‌ನೆಗೆ ಬಂದಾಗ ಹೆಂಡತಿ, “ಅವನನ್ನ ಗುಡ್ಡದಾಚೆ ಕೆಲಸಕ್ಕೆ ಕಳಿಸಿದಾರಂತೆ. ಗುಮಾಸ್ತರು ಹೇಳಿ ಕಳಿಸಿದ್ರು. ಬಟ್ಟೆ ಕೂಡ ತಗೊಂಡು ಹೋಗಿಲ್ಲ” ಎಂದು ಗೊಣಗುತ್ತಿದ್ದಳು. ದೊಡ್ಡಪ್ಪನ ಜನ ಗೇಟಿನಲ್ಲಿ ಕಾದು ಕಾದು ಬರಿಗೈಯಲ್ಲಿ ಹೋದರೆಂದು ಬೀದಿಯಲ್ಲಿ ಸುದ್ದಿಯಾಗಿತ್ತು. ಕಂಠಣ್ಣ ಆ ಸಂಜೆ ಎರಡು ಸಲ ಬಡಿಸಿಕೊಂಡು ಉಂಡ. ಬಹಳ ದಿನಗಳ ಮೇಲೆ ಅನ್ನಕ್ಕೆ ರುಚಿ ಬಂದಿತ್ತು.

ಆ ರುಚಿ ಭಾನುವಾರ ಬೆಳಗಿನವರೆಗೆ ಉಳಿಯಿತು. ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಗಿ ತೆರೆದರೆ, ಮಾವ ನಿಂತಿದ್ದ. ಜೊತೆಗೆ ಯಾರೂ ಇಲ್ಲ. ಕೈಯಲ್ಲಿ ಒಂದು ಚೀಲ ತರಕಾರಿ.

“ಊಟ ಆಯ್ತಾ?” ಎಂದು ಕೇಳಿ, ನಕ್ಕು, ತಾನೇ ಒಳಗೆ ಬಂದು ಕೂತ. ಕಂಠಣ್ಣನ ಹೆಂಡತಿ ಚೀಲ ಇಸಿದುಕೊಂಡು ಅಡುಗೆಮನೆಗೆ ಹೋದಳು.

“ನಾನು ಹೇಳ್ದೆ ಇರೋ ಮಾತನ್ನ ನಾನು ಹೇಳಿದೀನಿ ಅಂತಾನೆ ನಮ್ಮ ಗುಮಾಸ್ತ” ಎಂದ ಮಾವ. “ಮೊದಲು ನಂಗೇ ಅನುಮಾನ ಬಂತು, ವಯಸ್ಸಾಯ್ತು, ಮರೆತುಬಿಟ್ನಾ ಅಂತ. ಆಮೇಲೆ ನಮ್ಮ ಮೊಮ್ಮಗು ಟೀವಿ ಹಾಕಿತ್ತು.”

ಕಂಠಣ್ಣ ನಿಂತೇ ಇದ್ದ.

“ಕೂತ್ಕೊಳ್ಳಿ, ನಿಮ್ಮನೆ ಇದು. ನನ್ನ ಹಾಗೆ ಮಾತಾಡಿದ್ದಕ್ಕೆ ನಂಗೆ ಬೇಜಾರಿಲ್ಲ. ಭಾಮೈದನನ್ನ ಕಾಪಾಡೋಕೆ ಮಾಡಿದ್ರಿ, ಯಾರಾದ್ರೂ ಮಾಡ್ತಾರೆ. ಆದ್ರೆ ದೊಡ್ಡಪ್ಪನ ಜನ ಅವನಿಗೆ ಕಾಯ್ತಾರೆ ಅನ್ನೋದು ನಿಮಗೆ ಮೊದಲೇ ಹೇಗೆ ಗೊತ್ತಾಯ್ತು? ಅದೊಂದು. ಕೆರೆ ರಸ್ತೆ ಕಾರ್ಟೂನಲ್ಲಿ ಎಲ್ಲಿಂದ ಬಂತು? ಅದೊಂದು. ಆ ಮನುಷ್ಯ ಇಷ್ಟು ದಿನದಿಂದ ಮೆಟ್ಟಿಲು ಯಾಕೆ ಇಳಿದಿಲ್ಲ? ಎಲ್ಲ ಸೇರಿಸಿ ನೋಡ್ದೆ.” ಮಾವ ಮೇಜಿನ ಮೇಲೆ ಎರಡೂ ಕೈ ಇಟ್ಟ. “ಅವನಿಗೆ ಧ್ವನಿ ಇಲ್ಲ. ಅಲ್ಲಿ ಮಾತಾಡ್ತಿರೋರು ನೀವು. ಅವತ್ತು ನಿಮ್ಮ ಭಾಮೈದನ ಕೈ ಮುರೀರಿ ಅಂತ ಹೇಳಿದ್ದೂ ನೀವೇ. ಹೌದೋ ಅಲ್ವೋ?”

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಸದ್ದು ನಿಂತಿತು.

ಕಂಠಣ್ಣನ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಮಾವನಿಗೆ ಅಷ್ಟೇ ಸಾಕಾಯಿತು.

“ನೀವು ಅಲ್ಲಿಗೆ ಹೋಗ್ತಾ ಇರಿ” ಎಂದ ಮಾವ ಎದ್ದು ನಿಲ್ಲುತ್ತ. “ಅವನ ತುಟಿ ಏನು ಹೇಳುತ್ತೋ ಅದನ್ನೇ ಹೇಳಿ. ಒಂದು ದಿನ ನಾನು ಒಂದು ಮಾತು ಕೊಡ್ತೀನಿ, ಅವತ್ತು ಅವನ ತುಟಿ ಬಿಟ್ಟು ನನ್ನ ಮಾತು ಹೇಳ್ಬೇಕು. ಅಷ್ಟೇ. ಅಲ್ಲೀವರೆಗೆ ಹುಡುಗ ಉಗ್ರಾಣದಲ್ಲಿರ್ತಾನೆ. ಎರಡು ಕೈಯೂ ನೆಟ್ಟಗೇ ಇರುತ್ತೆ. ಒಳ್ಳೆ ಜಾಗಕ್ಕೇ ಕಳಿಸಿದೀರಿ ನೀವು. ಸುತ್ತ ಗೋಡೆ, ಒಂದೇ ಬಾಗಿಲು. ನಾನು ಇಟ್ಕೊಂಡಿದ್ರೂ ಅಷ್ಟು ಚೆನ್ನಾಗಿ ಇಟ್ಕೋತಿರ್ಲಿಲ್ಲ.”

ಹೊಸಿಲಲ್ಲಿ ನಿಂತು ತಿರುಗಿ, “ಮತ್ತೆ ನನ್ನ ಧ್ವನಿಲಿ ಅಲ್ಲಿಗೆ ಫೋನ್ ಮಾಡ್ಬೇಡಿ. ಫೋನಲ್ಲಿ ನಾನು ಮಾತಾಡಿದ್ರೆ ಅದು ನಾನಲ್ಲ ಅಂತ ಹೇಳಿಟ್ಟಿದೀನಿ” ಎಂದು ಹೇಳಿ ಹೋದ.

ಮಾವ ಬೀದಿಯ ತಿರುವು ದಾಟುವವರೆಗೂ ಕಂಠಣ್ಣ ಬಾಗಿಲಲ್ಲೇ ನಿಂತಿದ್ದ. ಹಿಂದಿರುಗಿದಾಗ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

“ಅವನ ಕೈ ಮುರೀರಿ ಅನ್ನೋ ಮಾತು,” ಎಂದಳು, “ನಿಮ್ಮ ಬಾಯಿಂದಾನೇ ಬಂತಾ?”

“ನಾನು ಹೇಳಿದ್ದಲ್ಲ ಕಣೇ. ಅವರ ತುಟಿ ಆಡ್ತಾ ಇತ್ತು, ನಂಗೆ ಅರ್ಥ ಆಗೋ ಹೊತ್ತಿಗೆ...”

“ಬಾಯಿ ಯಾರದು?”

“ನನ್ನದು.”

“ಕೆರೆ ರಸ್ತೆ ಮಾತು ಬಡಬಡಿಸಿದ್ದು?”

“ನಾನೇ.”

“ಅದನ್ನ ಅಲ್ಲೇ ಹೇಳ್ಬಹುದಿತ್ತಲ್ಲ. ತಪ್ಪು ನಂದು, ಅವನನ್ನ ಬಿಡಿ ಅಂತ.”

“ಹೆದರಿಕೆ ಆಯ್ತು” ಎಂದ ಕಂಠಣ್ಣ. ಇದೊಂದು ಮಾತು ಮಾತ್ರ ಅವನ ಗಂಟಲಿನಿಂದ ಯಾರ ಬಣ್ಣವೂ ಇಲ್ಲದೆ ಬಂತು.

ಅವಳು ಅವನ ಹೆಸರು ಹಿಡಿದು ಕರೆದಳು, ಅಪ್ಪ ಅಮ್ಮ ಇಟ್ಟ ಹೆಸರು.

“ನಾಳೆ ಆ ಮಹಡಿಗೆ ಹೋಗಿ. ನಾಡಿದ್ದೂ ಹೋಗಿ. ಆ ಮುದುಕ ಹೇಳಿದ್ದನ್ನ ಹೇಳಿ, ಈ ಮುದುಕ ಹೇಳಿದ್ದನ್ನೂ ಹೇಳಿ. ಹೋಗಲ್ಲ ಅಂದ್ರೆ ನಾನೇ ಕೈಹಿಡಿದು ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ. ನನ್ನ ತಮ್ಮ ಎರಡು ಕೈ ಬೀಸಿಕೊಂಡು ಈ ಬಾಗಿಲಿಗೆ ಬರ್ಬೇಕು. ಅಲ್ಲೀವರೆಗೂ ಈ ಮನೆಲಿ ಮಾತ್ರ ನೀವು ಬಾಯಿ ಬಿಡ್ಬೇಡಿ. ಯಾರ ಮಾತು ಕೇಳ್ತಿದೀನಿ ಅಂತ ನಂಗೆ ಗೊತ್ತಾಗಲ್ಲ.”

ಕಂಠಣ್ಣ ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ.

ಮಧ್ಯಾಹ್ನ ಅವಳು ಎಂದಿನಂತೆ ತಟ್ಟೆ ಹಾಕಿದಳು. ಮಾವ ತಂದಿದ್ದ ತರಕಾರಿಯನ್ನೇ ಬೇಯಿಸಿದ್ದಳು, ಮನೆಯಲ್ಲಿ ಬೇರೆ ಇರಲಿಲ್ಲ. ಇಬ್ಬರೂ ಎದುರುಬದುರು ಕೂತು ಉಂಡರು. ನಡುವೆ ತುತ್ತು ಗಂಟಲಲ್ಲಿ ಸಿಕ್ಕಿ ಬಿಕ್ಕಳಿಕೆ ಬಂತು. ಕಂಠಣ್ಣ ಅವಳ ಕಡೆ ನೋಡಿ, ಖಾಲಿ ಲೋಟವನ್ನು ಬೆರಳಿನಿಂದ ತೋರಿಸಿ, ಸದ್ದಿಲ್ಲದೆ ತುಟಿ ಆಡಿಸಿದ. ಅವಳು ಅವನ ತುಟಿಯನ್ನೇ ನೋಡುತ್ತಿದ್ದು, ಎದ್ದು ಹೋಗಿ ನೀರು ತಂದಳು.